ಬನ್ನಿಗಿಡದ ಬುಡದ ಮಣ್ಣು

ಪರೀಕ್ಷೆಗೆ ಹೊಲದ ಮಣ್ಣು ಒಯ್ಯಲು ಮುಂಡರಗಿಯಿಂದ ನಮ್ಮೂರಿಗೆ ಬರುತ್ತಿದ್ದ ಕೃಷಿ ಸಹಾಯಕರು ರೈತರು ತುಂಬಿಕೊಟ್ಟ ಚೀಲ ಬಿಚ್ಚಿ ಮೂಸಿ ನೋಡುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಇದು ಬನ್ನಿಗಿಡದ ಬುಡದ್ದು, ಹೌದಿಲ್ರಿ?" ಎನ್ನುತ್ತಿದ್ದರು. ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ದಿನ, ಕುಂಕುಮವಿಟ್ಟು ಭೂಮಿತಾಯಿಗೆ ಪೂಜೆ ಮಾಡುವ ಜಾಗವದು; ಹೊಲದಲ್ಲೇ ಕಸುವಿನ ಮಣ್ಣು ಅಲ್ಲಿಯದು. ಸಾರವಿಲ್ಲದ ಮಣ್ಣನ್ನು ಪರರ ಕೈಗೆ ಕೊಡಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

"ಎಲಿ ಕೊಳತ ಮಣ್ಣು ಇದು, ಹೊಲದ ಖಬರ ಹೇಳೂದಿಲ್ಲ. ಹತ್ತು ಕಡೆ ಅಗದು ಕೂಡಿಸಬೇಕ್ರಿ," ಎನ್ನುತ್ತ ದಣಿದ ಮೈಯಲ್ಲೇ ತಾವೇ ಸಲಿಕೆ ಹಿಡಿದು ಬಿಸಿಲಿಗೆ ಇಳಿಯುತ್ತಿದ್ದರು.

ನಿವೃತ್ತರಾದ ವರ್ಷ, ಗದಗಿನ ಪ್ರಯೋಗಾಲಯಕ್ಕೆ ಮುಟ್ಟಿಸಲು ತಮ್ಮ ಹೊಲದ ಮಣ್ಣನ್ನು ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಚೀಲದ ಗಂಟು ಸಡಿಲಾಯಿತು. ಕರಿಮಣ್ಣಿನ ನಡುವೆ ಒಣಗಿದ ಬನ್ನಿ ಎಲೆಗಳಿದ್ದವು, ಚಿಟಿಕೆ ಕುಂಕುಮವೂ ಇತ್ತು.