ಮೂರು ಊರಿನ ವೈಫೈ

ಸುಧಾ, ಪರೀಕ್ಷೆಯ ದಿನ ಮೂರು ಊರಿನ ವೈಫೈ ಕೆಡಿಸಿದ್ದು ನಾನು. ನೀವಲ್ಲ. ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು ಎಂದರೆ — ನನ್ನ ಮೇಲೆ ನನಗೇ ರೇಗುತ್ತದೆ.

ಆಗ ಅರಸೀಕೆರೆ, ಹಳೇಬೀಡು, ಬೇಲೂರಿನಲ್ಲಿದ್ದ ನಮ್ಮ ಸಂಸ್ಥೆಯ ಮೂರೂ ಕಾಲೇಜುಗಳ ವೈಫೈ ಪೆಟ್ಟಿಗೆಗಳನ್ನು ಆಳುತ್ತಿದ್ದದ್ದು ಅರಸೀಕೆರೆಯ ನನ್ನ ಕೋಣೆಯಲ್ಲಿದ್ದ ಒಂದೇ ಕಂಟ್ರೋಲರ್. ಇಲ್ಲಿ ಕರೆಂಟು ಹೋದರೆ ಹಳೇಬೀಡಿನ ಗ್ರಂಥಾಲಯದಲ್ಲಿ ನೆಟ್ ಹೋಗುತ್ತಿತ್ತು. ಬೇಲೂರಿನ ಹಾಸ್ಟೆಲಿಗೆಂದು ಪಾಸ್‌ವರ್ಡ್ ಬದಲಿಸಿದರೆ ಅರಸೀಕೆರೆಯ ಮೇಷ್ಟರುಗಳೆಲ್ಲ ನೆಟ್‌ನಿಂದ ಹೊರಗೆ. ದಿನವಿಡೀ ಫೋನು — "ನೆಟ್ ಬತ್ತಾ ಇಲ್ಲ ಕಣ್ರೀ, ಏನ್ ಮಾಡ್ತಿದೀರಾ ಅಲ್ಲಿ?" ಉತ್ತರ ಹೇಳಿ ಹೇಳಿ ತಲೆ ಚಿಟ್ಟು ಹಿಡಿದಿತ್ತು.

ಹಳೇಬೀಡಿನ ಲ್ಯಾಬ್ ನೋಡಿಕೊಳ್ಳುತ್ತಿದ್ದ ನೀವು ಪ್ರತಿ ಸಭೆಯಲ್ಲೂ ಹೇಳುತ್ತಿದ್ದಿರಿ: "ಸಾರ್, ಇದನ್ನ ಮೂರು ಕ್ಲಸ್ಟರ್ ಮಾಡೋಣ. ಊರಿಗೊಂದು ಕಂಟ್ರೋಲರ್. ಒಂದು ಕಡೆ ಬಿದ್ರೆ ಮಿಕ್ಕ ಎರಡು ನಡೀತಿರ್ತವೆ."

ಸರಿಯಾದ ಮಾತು. ಒಪ್ಪಿದ್ದರೆ ನನ್ನ ಅರ್ಧ ತಲೆನೋವು ಹೋಗುತ್ತಿತ್ತು. ಆದರೆ ಮೂರೂ ಊರಿನವರು ನನ್ನನ್ನೇ ಹುಡುಕಿಕೊಂಡು ಗೋಗರೆಯುವುದು — ಅದೂ ಹೋಗುತ್ತಿತ್ತಲ್ಲ. "ಗೋಜಲಾಗುತ್ತೆ ಮೇಡಂ, ಬೇಡ" ಎಂದೆ.

ಆನ್‌ಲೈನ್ ಪರೀಕ್ಷೆ ನಡೆಯುತ್ತಿದ್ದ ಬೆಳಿಗ್ಗೆ ಅರಸೀಕೆರೆಯ ಒಂದು ಪೆಟ್ಟಿಗೆ ಸತಾಯಿಸುತ್ತಿತ್ತು. ಅದೊಂದಕ್ಕೆ ಹೊಸ ಸಾಫ್ಟ್‌ವೇರ್ ಹಾಕಲು ಹೋಗಿ, ಸಿಡುಕಿನಲ್ಲಿ ಪಟ್ಟಿಯಲ್ಲಿದ್ದ ಎಲ್ಲ ಪೆಟ್ಟಿಗೆಗಳನ್ನೂ ಆಯ್ದು ಒತ್ತಿಬಿಟ್ಟೆ. ಮೂರೂ ಊರಿನ ಪೆಟ್ಟಿಗೆಗಳು ಒಮ್ಮೆಗೇ ಆರಿದವು. ಬೇಲೂರಿನಲ್ಲಿ ಹುಡುಗಿಯರು ಅರ್ಧ ಬರೆದ ಉತ್ತರದ ಮುಂದೆ ಅಳುತ್ತಾ ಕೂತರಂತೆ.

ಸಂಸ್ಥೆಯ ಕಾರ್ಯದರ್ಶಿಗಳು ನನ್ನ ಕೋಣೆಗೆ ನುಗ್ಗಿದರು. "ಯಾರ್ರೀ ಮಾಡಿದ್ದು ಇದನ್ನ?"

ನನ್ನ ಬಾಯಿಂದ ಬಂದದ್ದು — "ಹಳೇಬೀಡಲ್ಲಿ ಸುಧಾ ಮೇಡಂ ಏನೋ ಪ್ರಯೋಗ ಮಾಡಿರಬೇಕು ಸಾರ್. ಮೂರು ಮಾಡ್ಬೇಕು ಅಂತ ಹಟ ಹಿಡಿದಿದ್ರಲ್ಲ."

ಎಲ್ಲರೂ ನಂಬಿದರು. ನಿಮ್ಮನ್ನು ಒಂದು ಮಾತು ಕೇಳಲೂ ಇಲ್ಲ. ಲ್ಯಾಬಿನಿಂದ ತೆಗೆದು ಹಾಜರಾತಿ ನೋಡುವ ಕೆಲಸಕ್ಕೆ ಹಾಕಿದರು. ನೀವು ರಾಜೀನಾಮೆ ಕೊಟ್ಟು ಬಿಕ್ಕೋಡಿನ ಎಸ್ಟೇಟ್ ಆಫೀಸು ಸೇರಿದಿರಿ. ಮುಂದಿನ ವರ್ಷ ನಾನೇ ಅದನ್ನು ಮೂರು ಮಾಡಿದೆ — ನೀವು ಹೇಳಿದ ಹಾಗೆಯೇ, ಊರಿಗೊಂದು. ಸಂಸ್ಥೆಯವರು ಶಾಲು ಹೊದಿಸಿದರು. ಹೊದ್ದುಕೊಂಡೆ. ಎಂಥ ಮನುಷ್ಯ ನಾನು...

ಹೋದ ತಿಂಗಳು ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ನೀವು ಸಿಕ್ಕಿದಿರಿ. ಬೈಯುತ್ತೀರಿ ಎಂದುಕೊಂಡೆ. ನೀವು ಕೇಳಿದ್ದು, "ಮೂರು ಭಾಗ ಮಾಡಿದ್ರಂತಲ್ಲ ಸಾರ್, ಈಗ ಪರೀಕ್ಷೆ ಮಧ್ಯೆ ನೆಟ್ ಹೋಗಲ್ವಾ?"

"ಇಲ್ಲ" ಎಂದು ಎದುರಿಗೆ ಬಂದ ಬಸ್ಸು ಹತ್ತಿಬಿಟ್ಟೆ. ಅದು ಬೇಲೂರಿನ ಬಸ್ಸು. ನಾನು ಹೋಗಬೇಕಿದ್ದದ್ದು ಅರಸೀಕೆರೆಗೆ.

ಆಮೇಲೆ ತಡೆಯಲಾಗಲಿಲ್ಲ. ಮೊನ್ನೆ ಕಾರ್ಯದರ್ಶಿಗಳೆದುರು ನಿಂತು ನಿಜ ಹೇಳಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, "ಈಗ್ಯಾಕ್ರೀ ಅದೆಲ್ಲಾ? ನೆಟ್ ಚೆನ್ನಾಗೇ ಐತಲ್ಲ" ಅಂದರು. ಅಷ್ಟೇ. ನೀವು ಕೆಲಸ ಬಿಟ್ಟದ್ದೇ ಅವರಿಗೆ ನೆನಪಿರಲಿಲ್ಲ. ಕೂಗಾಡಬೇಕೆನಿಸಿತು — ಯಾರ ಮೇಲೆ? ಅವರು ಮರೆಯುವಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದವನು ನಾನು.

ಸೋಮವಾರ ಮೂರೂ ಕಾಲೇಜಿನವರು ಸೇರುವ ಸಭೆಯಿದೆ. ಯಾರು ಬೇಡವೆಂದರೂ ಈ ಕಾಗದವನ್ನು ಅಲ್ಲಿ ಗಟ್ಟಿಯಾಗಿ ಓದುತ್ತೇನೆ. ಅದಕ್ಕೆ ಮೊದಲು ನಿಮಗೆ ತಲುಪಿಸಲು ನಾಳೆ ಬಿಕ್ಕೋಡಿಗೆ ಬರುತ್ತೇನೆ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ನಿಮ್ಮ ಹೆಸರಿಗೆ ನಾನು ಬಳಿದ ಮಸಿಯನ್ನು ಅದೇ ಜನರೆದುರು ತೊಳೆಯುವವರೆಗೆ ಆ ಮಾತು ಆಡುವ ಬಾಯಿ ನನಗಿಲ್ಲ.