ಈರಮ್ಮನ ಅನುಮಾನ

ಈರಮ್ಮ ತನ್ನ ಕೊನೆಯ ಶನಿವಾರ ಹಾಲಿನವನ ಮೇಲೆ ಅನುಮಾನಪಟ್ಟಳು. ಅದರಲ್ಲಿ ವಿಶೇಷವೇನಿಲ್ಲ, ಶುಕ್ರವಾರವೂ ಪಟ್ಟಿದ್ದಳು. ಚೊಂಬಿಗೆ ಬೆರಳು ಅದ್ದಿ ಮೇಲೆತ್ತಿ, ಹನಿ ಬೀಳುವುದನ್ನು ಕಾದು, "ಇವತ್ತು ಯಾವ ಬಾವಿ ನೀರಪ್ಪ? ಉಪ್ಪುಪ್ಪಾಗೈತೆ" ಎಂದಳು. ಅವನು ಎಮ್ಮೆಯ ಮೇಲೆ ಆಣೆ ಇಟ್ಟ. "ಎಮ್ಮೆ ಮೇಲ್ಯಾಕೆ ಇಡ್ತೀಯ, ಅದೇನು ತಪ್ಪು ಮಾಡೈತೆ?" ಎಂದು ಚೊಂಬನ್ನು ಒಳಗಿಟ್ಟಳು. ಆಮೇಲೆ ಸೊಪ್ಪಿನವಳ ಕಟ್ಟು ಬಿಚ್ಚಿ ನಡುವೆ ಹುಲ್ಲು ಹುಡುಕಿದಳು. ರೇಡಿಯೋ ಮಳೆ ಬರುತ್ತದೆ ಎಂದದ್ದನ್ನು ಕೇಳಿ, ಅಂಗಳಕ್ಕೆ ಹೋಗಿ ಆಕಾಶ ನೋಡಿ, ಹಪ್ಪಳ ಒಣಹಾಕಿದಳು. ನಾನು ಡ್ಯೂಟಿಗೆ ಹೊರಟಾಗ ನನ್ನ ಅಂಗಿಯ ಜೇಬನ್ನು ಹೊರಗಿನಿಂದಲೇ ಒತ್ತಿ ಬೀಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಬೀಡಿ ಟೋಪಿಯೊಳಗಿತ್ತು.

ಮಾರನೆಯ ದಿನ ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳು. ಮತ್ತೆ ಏಳಲಿಲ್ಲ.

ನಾನು ಚಿಕ್ಕಜಾಜೂರಿನ ರೈಲ್ವೆ ಕ್ಯಾಬಿನ್ನಿನಲ್ಲಿ ಲಿವರ್ ಎಳೆಯುವವನು. ಏಳನೆಯ ತರಗತಿಯವರೆಗೆ ಓದಿದ್ದೇನೆ. ಬರೆಯುವುದು ನನ್ನ ಕೆಲಸವಲ್ಲ. ಆದರೆ ಅನುಮಾನದ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ ಅಂದುಕೊಂಡಿದ್ದೇನೆ, ಏಕೆಂದರೆ ನಮ್ಮ ಕೆಲಸವೇ ಅದು. ಲಿವರ್ ಎಳೆದರೆ ಸಾಲದು, ಹಳಿ ಕೂಡಿದೆಯೇ ಎಂದು ನೋಡಬೇಕು. ಸಿಗ್ನಲ್ ಬಿದ್ದರೂ ಬಿದ್ದಿದೆಯೇ ಎಂದು ನೋಡಬೇಕು. ಹಾಗೆ ಇಪ್ಪತ್ತು ವರ್ಷ ನೋಡಿದ್ದೇನೆ. ಆದರೂ ಮನೆಗೆ ಬಂದರೆ ಅನುಮಾನದಲ್ಲಿ ನಾನು ಈರಮ್ಮನ ಮುಂದೆ ಹೊಸಬನೇ ಆಗಿದ್ದೆ.

ಅವಳು ಕುರಿಯವರ ಮನೆಯ ಮಗಳು, ಹೊರಕೆರೆದೇವಪುರದ ಕಡೆಯವಳು. ಸಂಜೆ ಮಂದೆ ಹಟ್ಟಿಗೆ ಬರುವಾಗ ಯಾರಾದರೊಬ್ಬರು ಕುರಿ ಕೂಡುವ ದಡ್ಡಿಯ ಬಾಯಲ್ಲಿ ನಿಂತು, ಒಂದೊಂದೇ ಕುರಿಯನ್ನು ನೋಡಿ ಒಳಗೆ ಬಿಡಬೇಕು. ಕುಂಟುತ್ತಿದೆಯೇ, ಮೂಗು ಸುರಿಯುತ್ತಿದೆಯೇ, ಪಕ್ಕದವರ ಮಂದೆಯದು ಸೇರಿಕೊಂಡಿದೆಯೇ ಎಂದು ಕ್ಷಣದಲ್ಲಿ ತಿಳಿಯಬೇಕು. ಎಂಟನೆಯ ವಯಸ್ಸಿನಿಂದ ಆ ಜಾಗ ಅವಳದು. ತಲೆಯನ್ನು ಒಂದು ಕಡೆ ವಾಲಿಸಿ, ಒಂದು ಕಣ್ಣನ್ನು ಕಿರಿದು ಮಾಡಿ ನೋಡುವುದು. ಸರಿಯೆನಿಸಿದರೆ ಕಣ್ಣು ಸಡಿಲವಾಗಿ, ಕುರಿಯ ಬೆನ್ನಿಗೊಂದು ತಟ್ಟು ಬಿದ್ದು, ಅದು ಒಳಕ್ಕೆ. ಮದುವೆಯಾಗಿ ಬಂದ ಮೇಲೆ ಅವಳಿಗೆ ಮಂದೆ ಇರಲಿಲ್ಲ, ನಾನಿದ್ದೆ. ಕೆಲಸ ಮುಗಿಸಿ ಬಂದಾಗ ಬಾಗಿಲಲ್ಲಿ ನಿಂತು ಹಾಗೆಯೇ ನೋಡಿ ಒಳಗೆ ಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನೋಡದೆ ಬಿಟ್ಟವಳಲ್ಲ.

ಅವಳ ಫೋಟೋ ಒಂದೂ ಇರಲಿಲ್ಲ. "ಕರೀ ಬಟ್ಟೆ ಒಳಗೆ ಮುಖ ಹಾಕ್ಕಂಡು ಏನ್ ಮಾಡ್ತಾನೆ ಅವ್ನು? ಮೊದ್ಲು ಅವ್ನು ಹೊರಗೆ ಬರ್ಲಿ, ಆಮ್ಯಾಕೆ ನಾನು ಕುಂತ್ಕಳ್ತೀನಿ" ಎನ್ನುತ್ತಿದ್ದಳು. ಹಾಗಾಗಿ ಅವಳು ಕ್ಯಾಮರಾದ ಮುಂದೆ ಕುಳಿತದ್ದು ಒಂದೇ ಸಲ. ಅದೂ ತಾನಾಗಿ ಕುಳಿತದ್ದಲ್ಲ. ನಮ್ಮ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ, ಹೂವು ಹಾಕಿ, ಒಂದು ಫೋಟೋ ತೆಗೆಸಿ ಆಮೇಲೆ ಮಣ್ಣಿಗೆ ಒಯ್ಯುತ್ತಾರೆ. ಮರುದಿನ ಬೆಳಿಗ್ಗೆ ಫೋಟೋದವನು ಬಂದ, ತೆಗೆದ, ಹೋಗುವಾಗ ಮೆಲ್ಲಗೆ ಕೇಳಿದ: "ಕಣ್ಣು ಮುಚ್ಚಿದ್ದಂಗೇ ಇರ್ಲೋ, ತೆರೆದಂಗೆ ಬರೆಸಿ ಕೊಡ್ಲೋ?" ನನ್ನ ಬದಲು ಅಲ್ಲಿದ್ದವರೆಲ್ಲ ತೆರೆದಂತೆಯೇ ಇರಲಿ ಎಂದರು.

ತಿಂಗಳಾದ ಮೇಲೆ ಕಟ್ಟು ಹಾಕಿದ ಫೋಟೋ ಬಂತು. ಸೀರೆ ಈರಮ್ಮನದು, ಮೂಗುಬೊಟ್ಟು ಈರಮ್ಮನದು. ಕಣ್ಣು ಮಾತ್ರ ದೊಡ್ಡದಾಗಿ, ಒದ್ದೆಯಾಗಿ, ಲೋಕವನ್ನೆಲ್ಲ ನಂಬಿಕೊಂಡು ನನ್ನನ್ನು ನೋಡುತ್ತಿತ್ತು. ಅವಳ ಅಕ್ಕ ಸಿದ್ದಕ್ಕ ಸೆರಗಿನಿಂದ ಗಾಜು ಒರೆಸಿ ನೋಡಿ, "ಇದ್ಯಾರ ಮನೆ ಹೆಂಗ್ಸಪ್ಪ? ಈ ಕಣ್ಣಿಗೆ ನಿಮ್ಮ ಹಾಲಿನೋನು ಬರೇ ನೀರೇ ಹುಯ್ದು ಹೋಗ್ತಿದ್ದ" ಎಂದಳು. ಅವಳು ನಕ್ಕಳು, ನಾನೂ ನಕ್ಕೆ, ಆಮೇಲೆ ಇಬ್ಬರೂ ಅತ್ತೆವು. ಫೋಟೋ ಗೋಡೆಗೆ ಹೋಯಿತು. ಅಂದಿನಿಂದ ನಾನು ಬೀಡಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದರೂ ಗೋಡೆಯ ಮೇಲಿನ ಹೆಂಗಸು ಏನೂ ಅನ್ನಲಿಲ್ಲ. ಅಷ್ಟು ಬೇಜಾರು ನನಗೆ ಯಾವುದರಿಂದಲೂ ಆಗಿಲ್ಲ.

ಸ್ಟೇಷನ್ನಿನ ಗೋಡೆಗೆ ಒಂದು ದಿನ ಕಾಗದ ಅಂಟಿಸಿದ್ದರು: ಚಿತ್ರದುರ್ಗದ ಹಳೆಯ ತೋಟದಲ್ಲಿ ಭಾನುವಾರ ಬೆಳಿಗ್ಗೆ, ಏನೂ ಬಾರದವರಿಗೆ ಚಿತ್ರಕಲೆ ಮತ್ತು ಫೋಟೋಗ್ರಫಿ ತರಗತಿ. 'ಏನೂ ಬಾರದವರಿಗೆ' ಎಂದಿದ್ದುದರಿಂದ ಅದು ನನಗೇ ಬರೆದಂತಿತ್ತು. ಅವಳ ಕಣ್ಣನ್ನು ನಾನೇ ಬರೆದು ಆ ಫೋಟೋದ ಪಕ್ಕ ಹಾಕಬೇಕೆಂದು ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ. ಹಲ್ಲು ನೋವು, ದುರ್ಗದ ಡಾಕ್ಟರಿಗೆ ತೋರಿಸುತ್ತಿದ್ದೇನೆ ಎಂದೆ. ನಾಲ್ಕು ಭಾನುವಾರ ಹಲ್ಲು ನೋಯಿತು. ಐದನೆಯದಕ್ಕೆ ಕ್ಯಾಬಿನ್ನಿನ ಜೊತೆಯವನೊಬ್ಬ, "ಗಡ್ಡ ಕೆರ್ಕಂಡು, ಇಸ್ತ್ರಿ ಅಂಗಿ ಹಾಕ್ಕಂಡು ಹಲ್ಲು ಕೀಳಿಸ್ಕಳಾಕೆ ಹೋಗೋರನ್ನ ನಾನು ಇವತ್ತೇ ನೋಡಿದ್ದು" ಎಂದ.

ಆ ತೋಟ ನಾಯಕರ ಕಾಲದ್ದಂತೆ. ಕೋಟೆಯ ಬಂಡೆಗಳ ಕೆಳಗೆ, ಕಲ್ಲಿನ ಮೆಟ್ಟಿಲ ಹೊಂಡ, ನೀರು ಹರಿಯದ ಕಲ್ಲಿನ ಕಾಲುವೆ, ನಾಲ್ಕು ಮುದಿ ಸಂಪಿಗೆ ಮರ. ಸುತ್ತ ಆಳೆತ್ತರದ ಗೋಡೆ. ಗೋಡೆಯಲ್ಲಿ ಅಲ್ಲಲ್ಲಿ ಒಂದು ಕಣ್ಣು ಇಡುವಷ್ಟು ಸಂದು. ಬೆಟ್ಟಕ್ಕೆ ಏಳು ಸುತ್ತು ಕೋಟೆ ಕಟ್ಟಿದವರು ಹೂವು ಕೀಳುವ ಜಾಗಕ್ಕೂ ಇಣುಕುವ ಕಿಂಡಿ ಇಟ್ಟಿದ್ದಾರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿ ಬಂತು. ಈರಮ್ಮನಿಗೆ ಆ ತೋಟ ತೋರಿಸಿದ್ದರೆ ಸಂಪಿಗೆಯನ್ನು ನೋಡುತ್ತಿರಲಿಲ್ಲ, ಕಿಂಡಿಯಿಂದ ಯಾರು ಬರುತ್ತಾರೆಂದು ನೋಡುತ್ತಿದ್ದಳು.

ಮೇಷ್ಟ್ರು ರುದ್ರಾಚಾರಿ. ಅರವತ್ತರ ಹತ್ತಿರ, ಬೆರಳ ತುದಿ ಸದಾ ಕಪ್ಪು. ನಾವು ಎಂಟು ಜನ, ಒಂದು ಡಬ್ಬಿ ಕ್ಯಾಮರಾ. ಒಂದು ರೀಲಿಗೆ ಹನ್ನೆರಡು ಚಿತ್ರ; ನಮಗೆ ತಿಂಗಳಿಗೆ ಒಂದೊಂದು, ಉಳಿದದ್ದು ಮೇಷ್ಟ್ರಿಗೆ. ಆ ಕ್ಯಾಮರಾದ ಮೇಲೆ ಒಂದು ಪುಟ್ಟ ಗಾಜು. ಹೊಟ್ಟೆಯ ಹತ್ತಿರ ಹಿಡಿದು ಬಗ್ಗಿ ನೋಡಬೇಕು. ಅದರಲ್ಲಿ ಎಡಕ್ಕಿರುವುದು ಬಲಕ್ಕೆ ಕಾಣುತ್ತದೆ. ಇಪ್ಪತ್ತು ವರ್ಷ ಅಪ್ ಲೈನು ಡೌನ್ ಲೈನು ತಪ್ಪದ ನಾನು ಆ ಗಾಜಿನಲ್ಲಿ ಸಂಪಿಗೆ ಮರವನ್ನು ಹಿಡಿಯಲು ಹೋಗಿ ಮೊದಲ ತಿಂಗಳು ಗೋಡೆ ತೆಗೆದೆ, ಎರಡನೆಯ ತಿಂಗಳು ಓಬಳೇಶಪ್ಪನ ಮೊಣಕೈ ತೆಗೆದೆ.

ಓಬಳೇಶಪ್ಪ ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡಲೆಕಾಯಿ ವ್ಯಾಪಾರಿ. ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. "ನಂದೇನು ಕಲೆ ಗಿಲೆ ಇಲ್ಲಪ್ಪ. ಮನ್ಯಾಗೆ ಭಾನುವಾರ ಕುಂತ್ರೆ ಹೆಂಡ್ತಿ ಕಾಯಿ ಸುಲಿಯಾಕೆ ಹಚ್ತಾಳೆ" ಎಂದು ಬಹಿರಂಗವಾಗಿ ಹೇಳುತ್ತಿದ್ದ. ಮನುಷ್ಯರ ಮುಖ ಬರೆಯುವ ಪಾಠ ಬಂದ ವಾರ ಅವನು ತೀರಿಕೊಂಡ ತನ್ನ ತಂದೆಯ ಫೋಟೋವನ್ನು ಟವೆಲಿನಲ್ಲಿ ಸುತ್ತಿ ತಂದ. ಬಿಚ್ಚಿದ. ಕೊಂಬಿನಂಥ ಮೀಸೆಯ ಮುದುಕ. ಮೀಸೆಯ ಮೇಲೆ ದೊಡ್ಡ, ಒದ್ದೆ, ಲೋಕವನ್ನೆಲ್ಲ ನಂಬುವ ಕಣ್ಣು. ನಮ್ಮ ಮನೆಯ ಗೋಡೆಯ ಕಣ್ಣೇ.

"ನಿಮ್ಮಪ್ಪನ ಕಣ್ಣು ಹಿಂಗೇ ಇತ್ತಾ?" ಎಂದೆ.

"ಎಲ್ಲಪ್ಪಾ! ನಮ್ಮ ನಾಯನ ಕಣ್ಣು ಕಂಡ್ರೆ ತಕ್ಕಡಿ ತಾನೇ ಸರಿ ನಿಂತ್ಕಳ್ತಿತ್ತು."

ಅಲ್ಲಿಂದ ನನಗೆ ಅನುಮಾನ ಹತ್ತಿತು. ಈರಮ್ಮ ಇದ್ದಾಗ ಅವಳೇ ಇಬ್ಬರ ಪಾಲಿನ ಅನುಮಾನವನ್ನೂ ನೋಡಿಕೊಳ್ಳುತ್ತಿದ್ದಳು. ಈಗ ಆ ಕೆಲಸ ನನ್ನ ಪಾಲಿಗೆ ಬಂತು. ಹೋದಲ್ಲೆಲ್ಲ ಗೋಡೆ ನೋಡತೊಡಗಿದೆ. ಹೊಳಲ್ಕೆರೆಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಫೋಟೋದಲ್ಲಿ ಹಾರ ಹಾಕಿಸಿಕೊಂಡಿದ್ದ ಅಜ್ಜಿಗೆ ಅದೇ ಕಣ್ಣು. ಹೊಸದುರ್ಗದಲ್ಲಿ ಒಂದು ಮದುವೆಗೆ ಹೋದರೆ, ಗೋಡೆಯ ಮೇಲಿದ್ದ ವಧುವಿನ ತಾತನಿಗೆ ಅದೇ ಕಣ್ಣು. ಮೂರು ನಾಲ್ಕು ತಾಲ್ಲೂಕಿನ ಸತ್ತವರೆಲ್ಲ ಒಂದೇ ತಾಯಿಯ ಮಕ್ಕಳಂತೆ ನನ್ನನ್ನು ಕರುಣೆಯಿಂದ ನೋಡುತ್ತಿದ್ದರು. ಹೋಟೆಲಿನವನು, "ಏನಪ್ಪ, ನಮ್ಮಜ್ಜಿ ನಿಮ್ಗೇನಾದ್ರೂ ಆಗ್ಬೇಕಿತ್ತಾ?" ಎಂದು ಕೇಳಿದ.

ಮುಂದೊಂದು ಭಾನುವಾರ ಮೇಷ್ಟ್ರು ಹಲಗೆಯ ಮೇಲೆ ಕಣ್ಣು ಬರೆದು ತೋರಿಸಿದರು. ಮೇಲೊಂದು ಬಾಗು, ಕೆಳಗೊಂದು ಬಾಗು, ನಡುವೆ ಗುಂಡು, ಗುಂಡಿನೊಳಗೆ ಬಿಳಿಯ ಚುಕ್ಕೆ. ಹಲಗೆಯಿಂದ ಅದು ನನ್ನನ್ನು ನೋಡಿತು. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಈರಮ್ಮನ ಫೋಟೋವನ್ನು ಚೀಲದಿಂದ ತೆಗೆದು ಹೊಂಡದ ಮೆಟ್ಟಿಲ ಮೇಲೆ ಅವರ ಮುಂದಿಟ್ಟೆ. ಅವರ ಕಪ್ಪು ಬೆರಳ ತುದಿಯ ಮೇಲೆ ಅನುಮಾನ ಬಂದು ಬರುವಾಗಲೇ ತಂದಿದ್ದೆ.

ಮೇಷ್ಟ್ರು ಬಹಳ ಹೊತ್ತು ನೋಡಿದರು. "ನಂದೇ" ಎಂದರು. "ಸ್ಟುಡಿಯೋದೋರು ಕಳಿಸ್ತಾರೆ, ನಾನು ಬರೀತೀನಿ. ಮುಚ್ಚಿದ ರೆಪ್ಪೆ ನೋಡಿದ್ರೆ ಒಳಗೆ ಎಂಥ ಕಣ್ಣೈತೆ ಅಂತ ಹೆಂಗೆ ಗೊತ್ತಾಗ್ಬೇಕು? ಯಾರೂ ಹೇಳಂಗಿಲ್ಲ. ನಾನು ಕಲ್ತಿದ್ದು ಒಂದೇ ಕಣ್ಣು, ಕ್ಯಾಲೆಂಡರಿನ ಲಕ್ಷ್ಮೀದು. ಅದನ್ನೇ ಎಲ್ರಿಗೂ ಇಟ್ಟೆ."

"ಓಬಳೇಶಪ್ಪನ ತಂದೆಗೂ?"

"ಅವ್ರಿಗೂ. ಮೀಸೆ ಇತ್ತು, ನೋಡೋರು ಮೀಸೆ ನೋಡ್ತಾರೆ ಅಂದ್ಕಂಡೆ."

ಸಿಟ್ಟು ಮಾಡಬೇಕೆಂದು ಚಿಕ್ಕಜಾಜೂರಿನಿಂದ ಸಿದ್ಧನಾಗಿ ಬಂದಿದ್ದೆ. ಆದರೆ ಆ ಮನುಷ್ಯ ಕುಂಚ, ನೀರಿನ ಬಟ್ಟಲು ತಂದು ನನ್ನ ಪಕ್ಕ ಕುಳಿತುಬಿಟ್ಟರು. "ಹೇಳ್ರಿ. ಇದುವರ್ಗೂ ಯಾರೂ ಬಂದು ಕೇಳಿರ್ಲಿಲ್ಲ. ನಿಮ್ಮನೆಯೋರ ಕಣ್ಣು ಹೆಂಗಿತ್ತು? ಈಗ್ಲೇ ಸರಿ ಮಾಡಾಣ."

"ಒಂದು ಕಣ್ಣು ಸಣ್ಣಗೆ ಮಾಡಿ ನೋಡ್ತಿದ್ಲು."

"ಯಾವ ಕಣ್ಣು?"

ನಾನು ಬಾಯಿ ತೆರೆದೆ. ಬಾಗಿಲಲ್ಲಿ ನಿಂತ ಈರಮ್ಮನನ್ನು ನೆನೆದೆ. ನನ್ನ ಎಡಕ್ಕೆ ಅವಳ ಬಲ. ತಿರುಗಿಸಿ ನೆನೆದೆ. ಅಷ್ಟರಲ್ಲಿ ಕ್ಯಾಮರಾದ ಗಾಜು ನೆನಪಾಗಿ ಅದು ಇನ್ನೊಮ್ಮೆ ತಿರುಗಿತು. ಮೇಷ್ಟ್ರ ಕುಂಚದಿಂದ ನೀರು ತೊಟ್ಟಿಕ್ಕುತ್ತಿತ್ತು. "ಗೊತ್ತಿಲ್ಲ" ಎಂದೆ. ದಿನಕ್ಕೊಂದು ಸಲದಂತೆ ಇಪ್ಪತ್ತೆರಡು ವರ್ಷ ಕಂಡದ್ದು. ನೋಡುವ ಕೆಲಸವೆಲ್ಲ ಅವಳದು ಎಂದುಕೊಂಡಿದ್ದೆ. ನಾನು ನೋಡಿಸಿಕೊಂಡು, ಟೋಪಿಯಲ್ಲಿ ಬೀಡಿ ಇಟ್ಟುಕೊಂಡು ಒಳಗೆ ಹೋಗಿಬಿಡುತ್ತಿದ್ದೆ.

ಇದರ ನಡುವೆ ನನ್ನ ಹಲ್ಲು ನೋವಿನ ಸುದ್ದಿ ಹೊರಕೆರೆದೇವಪುರವನ್ನು ತಲುಪಿತ್ತು. ಮರುವಾರ ನಾನು ಮೆಟ್ಟಿಲ ಮೇಲೆ ಕುಳಿತಿದ್ದಾಗ ಗೋಡೆಯ ಕಿಂಡಿಯಲ್ಲಿ ಏನೋ ಅಲುಗಿದಂತಾಯಿತು. ಆಮೇಲೆ ಬಾಗಿಲಿನಿಂದ ಸಿದ್ದಕ್ಕ ನುಗ್ಗಿದಳು.

"ಎಲ್ಲಿ ಅವ್ಳು?"

"ಯಾರು?"

"ಯಾರು ಅಂತೀಯಲ್ಲೋ ಬಸಪ್ಪ! ವರ್ಷ ತುಂಬಿಲ್ಲ ನನ್ನ ತಂಗಿ ಹೋಗಿ. ವಾರವಾರ ಸಿಂಗಾರ ಮಾಡ್ಕಂಡು ಬರ್ತೀಯಂತೆ. ತೋರ್ಸು, ನಾನೂ ಒಂದು ಸಲ ನೋಡಿ ಹೋಗ್ತೀನಿ."

ಓಬಳೇಶಪ್ಪ ಎದ್ದು ಕೈ ಮುಗಿದು, "ಅಮ್ಮಾ, ಇಲ್ಲಿ ಇರೋಳು ಅಂದ್ರೆ ಈ ಕ್ಯಾಮರಾ ಒಂದೇ. ಅವ್ಳಿಗೂ ಇವ್ರು ಬೇಡ" ಎಂದ. ನಾನು ನನ್ನ ಹಾಳೆಗಳನ್ನು ಅವಳ ಮುಂದೆ ಹರಡಿದೆ. ಹದಿನಾಲ್ಕು ಹಾಳೆ. ಎಲ್ಲದರಲ್ಲೂ ಬೈತಲೆ, ಮೂಗುಬೊಟ್ಟು, ಗಲ್ಲದ ಮಚ್ಚೆ ಇತ್ತು. ಕಣ್ಣಿನ ಜಾಗ ಮಾತ್ರ ಖಾಲಿ. ಸಿದ್ದಕ್ಕ ಕಲ್ಲಿನ ಮೇಲೆ ಕುಳಿತಳು. ಒಂದೊಂದೇ ಹಾಳೆ ಎತ್ತಿ ನೋಡಿದಳು. ಆಮೇಲೆ, "ಕಿವಿ ಇಷ್ಟು ದೊಡ್ಡದಿರ್ಲಿಲ್ಲ" ಎಂದಳು.

ಯಾವ ಕಣ್ಣು ಸಣ್ಣಗೆ ಮಾಡುತ್ತಿದ್ದಳೆಂದು ನಾನು ಕೇಳಿದೆ. ಸಿದ್ದಕ್ಕ ಥಟ್ಟನೆ ಬಲಗಣ್ಣು ಎಂದಳು. ಆಮೇಲೆ ಎದ್ದು ನಿಂತು, ದಡ್ಡಿಯ ಬಾಯಲ್ಲಿ ನಿಂತ ಹಾಗೆ ತಲೆ ವಾಲಿಸಿ, "ತಡಿ, ಅವ್ಳು ಹಿಂಗೆ ನಿಂತ್ಕಳ್ತಿದ್ಲು, ನಾನು ಆ ಕಡೆಯಿಂದ ಕುರಿ ಹೊಡ್ಕಂಡು ಬರ್ತಿದ್ದೆ..." ಎಂದು ಎರಡು ಸುತ್ತು ತಿರುಗಿದಳು. "ಎಡಗಣ್ಣೇನೋ ಕಣಪ್ಪ" ಎಂದು ಕುಳಿತಳು.

ಅವಳು ತಲೆ ವಾಲಿಸಿದ ಆ ಗಳಿಗೆಯಲ್ಲಿ ಮೇಷ್ಟ್ರು ನನ್ನ ಕೈಗೆ ಕ್ಯಾಮರಾ ಕೊಟ್ಟಿದ್ದರು, ನಾನು ಒತ್ತಿದ್ದೆ. ಆ ತಿಂಗಳ ನನ್ನ ಪಾಲಿನ ಚಿತ್ರ ಅದು. ತೊಳೆದು ಬಂದಾಗ ನೋಡಿದರೆ, ನಾನು ತೆಗೆದವುಗಳಲ್ಲಿ ಮೊದಲ ಬಾರಿಗೆ ಸರಿಯಾಗಿ ಬಂದ ಚಿತ್ರ. ಅನುಮಾನ ಅಚ್ಚುಕಟ್ಟಾಗಿ ಬಿದ್ದಿತ್ತು. ಆದರೆ ಅದು ಸಿದ್ದಕ್ಕನ ಅನುಮಾನ. ತಪ್ಪು ಹುಡುಕಿ ಹಿಡಿಯುವವರದು. ಈರಮ್ಮನದರಲ್ಲಿ ಕೊನೆಗೊಂದು ಸಡಿಲಿಕೆ ಇರುತ್ತಿತ್ತು, ಹೋಗಲಿ ಬಾ ಎನ್ನುವಂಥದ್ದು. ಅದು ಬರುವ ಮೊದಲೇ ನಾನು ಒತ್ತಿದ್ದೆನೋ, ಸಿದ್ದಕ್ಕನ ಮುಖದಲ್ಲಿ ಅದು ಬರುವುದೇ ಇಲ್ಲವೋ, ಹೇಳಲಾರೆ.

ಮೇಷ್ಟ್ರು ಒದ್ದೆ ಹತ್ತಿಯಿಂದ ಫೋಟೋದ ಬಣ್ಣ ಒರೆಸಿ ಕೊಟ್ಟರು. ಲಕ್ಷ್ಮಿಯ ಕಣ್ಣು ಹೋಗಿ ಈರಮ್ಮನ ಮುಚ್ಚಿದ ರೆಪ್ಪೆ ಮೇಲೆ ಬಂತು. ಅದನ್ನೇ ಗೋಡೆಗೆ ಹಾಕಿದ್ದೇನೆ. ಅಪರಿಚಿತರ ಕರುಣೆಗಿಂತ ನಮ್ಮವರ ನಿದ್ದೆ ವಾಸಿ. ಮೇಷ್ಟ್ರು ಈಗ ಸ್ಟುಡಿಯೋದಿಂದ ಫೋಟೋ ಬಂದರೆ, ಸತ್ತವರು ಹೇಗೆ ನೋಡುತ್ತಿದ್ದರೆಂದು ಒಂದು ಚೀಟಿಯಲ್ಲಿ ಬರೆದು ಕಳಿಸಿ ಎಂದು ಕೇಳುತ್ತಾರಂತೆ. ಹೆಚ್ಚಿನ ಚೀಟಿಗಳು 'ಚೆನ್ನಾಗಿ ನೋಡುತ್ತಿದ್ದರು' ಎಂದಷ್ಟೇ ಬರೆದು ಬರುತ್ತವಂತೆ.

ತರಗತಿಗೆ ಈಗಲೂ ಹೋಗುತ್ತೇನೆ. ಹಲ್ಲಿನ ಸುಳ್ಳು ಬಿಟ್ಟಿದ್ದೇನೆ. ಕಿವಿ ಸರಿಹೋಗಿದೆ. ಎಡಗಣ್ಣೋ ಬಲಗಣ್ಣೋ, ಅದು ಮಾತ್ರ ಇನ್ನೂ ಗೊತ್ತಾಗಿಲ್ಲ.