ಸಮಾಧಿಯ ವಯಸ್ಸು

ನಾನು ನಿಂತದ್ದು ಶಹಾಪುರದ ಒಂದು ಸಾರ್ವಜನಿಕ ವಾಚನಾಲಯದಲ್ಲಿ, ಒಳಗೆ ಬಂದರೆ ಎಡಗೈ ಬದಿಗೆ ಇದ್ದ ಉದ್ದ ಮೇಜಿನ ತುದಿಗೆ. ಕಾಲುವೆಯ ಕೆಲಸ ನಮ್ಮ ಕಡೆ ಬಂದು ನೀರು ಇನ್ನೂ ಬಾರದಿದ್ದ ವರ್ಷ. ಬಿಳಿಜೋಳದ ರಾಶಿ ಮುಗಿದಿತ್ತು. ಸೋಮವಾರ, ಬೆಳಗಿನ ಹನ್ನೊಂದರ ಸುಮಾರು. ಮೇಜಿನ ಮೇಲೆ ನಿಜಾಮರ ಕಾಲದ ಸರ್ಕಾರಿ ಪತ್ರಿಕೆಯ ಒಂದು ದಪ್ಪ ಉರ್ದು ಸಂಪುಟ ತೆರೆದಿತ್ತು. ಅದರ ಎದುರು ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಮತ್ತು ಅವರು ಕರೆತಂದಿದ್ದ ನಿವೃತ್ತ ಉರ್ದು ಮಾಸ್ತರರು ಕೂತಿದ್ದರು. ನನಗೆ ಕುರ್ಚಿ ಸಿಕ್ಕಿರಲಿಲ್ಲ. ಆದ್ದರಿಂದ ಎಲ್ಲವೂ ಚೆನ್ನಾಗಿ ಕಂಡಿತು.

ಮನೆತನದ ಚರಿತ್ರೆಯ ಮೇಲೆ ನಮ್ಮವರಿಗೆ ಏಕಾಏಕಿ ಪ್ರೀತಿ ಹುಟ್ಟಿದ್ದಕ್ಕೆ ಕಾರಣವಿತ್ತು. ನಮ್ಮ ಹೊಲದ ಬದುವಿನಲ್ಲಿ ಕಾಕಾನ ಮುತ್ಯಾನ, ಅಂದರೆ ಅಜ್ಜನ, ಸಮಾಧಿ ಇದೆ. ಉಪಕಾಲುವೆಗೆ ನೆಟ್ಟ ಗೂಟಗಳು ನೇರವಾಗಿ ಅದರ ಮೇಲೆ ಹಾದಿದ್ದವು. ಗೂಟ ಸರಿಸಬೇಕೆಂದರೆ ಬಡಗಣ ದಿಕ್ಕಿಗೆ ಹಾಸುಬಂಡೆ. ತೆಂಕಣಕ್ಕೆ ಮಾತ್ರ ಸರಿಸಬಹುದು. ಅಲ್ಲಿ, ಹಿಡಿಗಲ್ಲಿನ ಒಂದು ಗುಡ್ಡೆಯ ಕೆಳಗೆ, ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳ ತಾಯಿ ಮಲಗಿದ್ದಳು. ಆಕೆಗೆ ಮಣ್ಣು ಕೊಟ್ಟು ಮೂರು ಬೇಸಿಗೆ ಆಗಿತ್ತು. ನಮ್ಮ ಮುತ್ಯಾ, ಇಲ್ಲವೆ ಅವಳ ತಾಯಿ, ಇಬ್ಬರಲ್ಲಿ ಒಬ್ಬರು ಕಾಲುವೆಯ ಪಾಲಾಗಬೇಕಿತ್ತು.

ಎಂಜಿನಿಯರರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. "ತುಂಬಾ ಹಳೇ ಸ್ಥಳ ಅನ್ನೋದಕ್ಕೆ ಪುರಾವೆ ಇದ್ರೆ ತನ್ನಿ, ನೋಡೋಣ," ಅಂದಿದ್ದರು. ಅಲ್ಲಿಯವರೆಗೆ ಮುತ್ಯಾನ ಸಮಾಧಿಗೆ ನಮ್ಮ ಮನೆಯವರು ತೋರಿಸಿದ ಭಕ್ತಿ ಎಂದರೆ ಅದರ ಮೇಲೆ ತೊಗರಿಕಟ್ಟಿಗೆ ಒಟ್ಟುವುದು. ಕಾಕಾನ ಆಡುಗಳು ಆ ಕಟ್ಟಿಗೆಯ ಮೇಲೇರಿ ನಿಂತು ಊರು ನೋಡುತ್ತಿದ್ದವು. ಎಂಜಿನಿಯರರ ಮಾತು ಕೇಳಿದ ದಿನವೇ ಕಟ್ಟಿಗೆ ಇಳಿಯಿತು, ಸುಣ್ಣ ಏರಿತು. ಆಡುಗಳಿಗೆ ಬೇರೆ ಎತ್ತರ ಹುಡುಕಿಕೊಳ್ಳುವ ಪ್ರಸಂಗ ಬಂತು.

ಆ ವಾಚನಾಲಯ ಈಗ ಇಲ್ಲ. ಆಗಲೂ ಅಲ್ಲಿಗೆ ಬರುವವರು ದಿನಪತ್ರಿಕೆಗೆ, ಫ್ಯಾನಿನ ಗಾಳಿಗೆ ಬರುತ್ತಿದ್ದರು. ಉರ್ದು ಸಂಪುಟಗಳು ಮೇಲಿನ ಹಲಗೆಯಲ್ಲಿದ್ದವು. ಮಾಸ್ತರರು ಹಾಳೆ ತಿರುವುತ್ತ ತಿರುವುತ್ತ ಒಂದು ಕಡೆ ಬೆರಳಿಟ್ಟರು. ನಮ್ಮ ಊರಿನ ಹೆಸರು, ನಮ್ಮ ಮನೆತನದ ಹೆಸರು, ಮುತ್ಯಾನ ಹೆಸರು. ಸ್ವಂತ ಖರ್ಚಿನಿಂದ ಊರಿಗೆ ಬಾವಿ ತೋಡಿಸಿದ್ದಕ್ಕೆ ಸರ್ಕಾರ ಮೆಚ್ಚಿದೆ ಎಂದು ಎರಡು ಸಾಲು.

"ಸನ್ ಯಾವುದ್ರಿ?" ಕಾಕಾ ಕೇಳಿದರು.

"ಹದಿಮೂರುನೂರಾ ನಲವತ್ತು."

ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. "ಆರುನೂರು ವರ್ಷದ ಮ್ಯಾಲಾತಲ್ರಿ! ಇವರು ನಮ್ಮ ಮುತ್ಯಾ ಅಲ್ಲ, ಮುತ್ಯಾನ ಮುತ್ಯಾನ ಮುತ್ಯಾ! ಅದೇ ಹೆಸರು ಇಟ್ಟಕೊಂಡ ಬಂದಾರ."

ವಿಜಯನಗರಕ್ಕೆ ಅಡಿಪಾಯ ಹಾಕುತ್ತಿದ್ದ ಕಾಲದಲ್ಲೇ ನಮ್ಮೂರಿನ ಬಾವಿಯ ಸುದ್ದಿ ಅಚ್ಚಾಗಿ ಬಂದಿತ್ತೆಂದು ನನಗೆ ಹೀಗೆ ಗೊತ್ತಾಯಿತು. ನನಗೆ ಉರ್ದು ಬಾರದು. ಆದರೆ ಅದೇ ಹಾಳೆಯ ಕೆಳಗೆ ಒಂದು ಜಾಹೀರಾತಿನ ಚಿತ್ರವಿತ್ತು. ಅದನ್ನು ಓದಲು ಉರ್ದು ಬೇಕಿರಲಿಲ್ಲ.

"ಕಾಕಾ, ಇಲ್ಲಿ ಸೈಕಲ್ ಅದ."

"ಇರವಲ್ದ್ಯಾಕ? ನಮ್ಮ ಹಿರ್ಯಾರ ಕಾಲದಾಗ ವಿಮಾನನ ಇತ್ತು, ಸೈಕಲ್‌ದು ಏನು ದೊಡ್ಡ ಮಾತು?"

ಮಾಸ್ತರರು ಕನ್ನಡಕ ತೆಗೆದರು. "ಇದು ಫಸಲಿ ಸನ್ ಅದರಿ. ನಿಜಾಮರ ಲೆಕ್ಕ. ಇಂಗ್ರೇಜಿ ಸನ್ ಬೇಕಂದ್ರ ಐದುನೂರಾ ತೊಂಬತ್ತು ಕೂಡಿಸ್ರಿ. ಇವರು ನಿಮ್ಮ ಮುತ್ಯಾನೇ."

ಕಾಕಾ ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಕೂಡಿಸೋದು ಕಳಿಯೋದು ಸಾಲಿ ಹುಡುಗರಿಗಿರಲಿ ಬಿಡ್ರಿ. ಪುಸ್ತಕದಾಗ ಏನು ಅದ, ಅಷ್ಟ ಬರಕೊಡ್ರಿ."

ಮಾಸ್ತರರು ಇದ್ದದ್ದನ್ನೇ ಕನ್ನಡದಲ್ಲಿ ಬರೆದುಕೊಟ್ಟರು. ಸುಳ್ಳು ಒಂದಕ್ಷರವೂ ಇರಲಿಲ್ಲ. ಕಾಕಾ ಆ ಹಾಳೆಯನ್ನು ಗ್ರಂಥಪಾಲಕರ ಮುಂದೆ ಹಿಡಿದು ಮುದ್ರೆ ಕೇಳಿದರು. ಅಲ್ಲಿದ್ದ ಮುದ್ರೆ ಒಂದೇ, ಪುಸ್ತಕ ಯಾರೂ ಕದ್ದೊಯ್ಯಬಾರದೆಂದು ಒಳಹಾಳೆಗೆ ಒತ್ತುವಂಥದ್ದು. ದುಂಡಗೆ, ನೇರಳೆ ಬಣ್ಣದ್ದು. ಅವರು ಒತ್ತಿದರು. ನಮ್ಮ ಮನೆತನ ಆ ಕ್ಷಣದಿಂದ ವಾಚನಾಲಯದ ಸ್ವತ್ತಾಯಿತು.

ಮನೆಗೆ ಬಂದು ಕಾಕಾ ಹಾಳೆ ಓದಿ ಹೇಳಿದಾಗ ಆಯಿ, ನನ್ನ ತಂದೆಯ ತಾಯಿ, ಪಡಸಾಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದಳು.

"ಆರುನೂರು ವರ್ಷನ?" ಅಂದಳು. "ಹಂಗಾರ ನನ್ನ ವಯಸ್ಸೆಷ್ಟೋ? ಅವರು ನಮ್ಮ ಮಾವ. ರೊಟ್ಟಿ ಬಿರುಸಾದ್ರ ಗಂಗಾಳ ಒದೀತಿದ್ರು. ಆ ಬಾವಿ ತೋಡೋ ಮುಂದ ಬುತ್ತಿ ನಾನೇ ಒಯ್ದೇನಿ."

"ಅವ್ವಾ, ನೀ ಸುಮ್ಕಿರು. ಸಾಹೇಬ್ರ ಮುಂದ ಹಿಂಗೆಲ್ಲ ಅನಬ್ಯಾಡ."

"ಯಾಕ ಸುಮ್ಕಿರ್ಲಿ? ತೋಡಿದವರು ಯಾರು ಅನ್ನೋದು ಬರದಾರೇನು ಅದರಾಗ? ಆ ಕೂಲಿಗೆ ಬರತಾಳಲ್ಲ, ಅಕಿ ಅವ್ವನ ಮಂದಿ. ಆ ಅವ್ವ ಆಗ ಸಣ್ಣ ಹುಡುಗಿ, ಮಣ್ಣಿನ ಬುಟ್ಟಿ ಹೊರತಿದ್ದಳು. ನೀರು ಬಿದ್ದ ದಿನ ಅವರಿಗೆ ಕಟ್ಟಿ ಹತ್ತಗೊಡ್ಲಿಲ್ಲ ನಿಮ್ಮ ಮುತ್ಯಾ."

ಕಟ್ಟಿ ಎಂದರೆ ಬಾವಿಯ ಕಟ್ಟೆ. ಕಾಕಾ ಹಾಳೆಯನ್ನು ಮತ್ತೊಮ್ಮೆ ನೋಡಿದರು, ಅಲ್ಲಿ ಅದು ಇರಲಿಲ್ಲ. ಇಲ್ಲದ್ದರಿಂದ ಅವರಿಗೆ ಸಮಾಧಾನವಾಯಿತು.

ಅದೇ ವಾರ ಎಂಜಿನಿಯರರು ಹೊಲಕ್ಕೆ ಬಂದರು. ನಾನು ಸಮಾಧಿಯ ಪಡುವಣ ಮೂಲೆಗೆ ನಿಂತಿದ್ದೆ. ಅವರು ಹಾಳೆ ಓದಿದರು, ಮುದ್ರೆಯನ್ನು ಓದಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ನಾನು ಹೇಳಿದೆ: "ಸರ್, ಅದು ಫಸಲಿ ಇಸವಿ. ಸಮಾಧಿಗೆ ಅರವತ್ತು ವರ್ಷವೂ ಆಗಿಲ್ಲ."

"ಫಸಲಿ ಅಂದ್ರೆ ಬೆಳೆ ಲೆಕ್ಕ ಅಲ್ವೇನ್ರೀ?"

"ಹೌದ್ರಿ, ಬೆಳಿ ಲೆಕ್ಕ," ಕಾಕಾ ನಡುವೆ ಬಾಯಿ ಹಾಕಿದರು. "ಈತ ಸಾಲಿ ಮಾಸ್ತರ, ಸಣ್ಣದು ದೊಡ್ಡದು ಎಲ್ಲಾ ತಿದ್ದೋ ಚಟ. ನೀವು ಮುದ್ರಿ ನೋಡ್ರಿ ಸಾಹೇಬ್ರ."

ಸಾಹೇಬರು ಮುದ್ರೆಯನ್ನೇ ನೋಡಿದರು. ಆರುನೂರು ವರ್ಷದ ಹಿರಿಯರಿಗೆ ಕೈಮುಗಿದರು ಕೂಡ, ಬೂಟು ಬಿಚ್ಚಿ. ಬಳಿಕ ಗೂಟಗಳನ್ನು ತೆಂಕಣಕ್ಕೆ ಸರಿಸಲು ಹೇಳಿದರು.

ಆ ಹೆಣ್ಣುಮಗಳು ಜೋಳದ ಕೂಳೆ ಆರಿಸುವುದನ್ನು ಬಿಟ್ಟು ಬಂದು ಸ್ವಲ್ಪ ದೂರ ನಿಂತಿದ್ದಳು. ಸೆರಗಿನ ತುದಿ ಕೈಯಲ್ಲಿತ್ತು.

"ಸಾಹೇಬ್ರ, ಅಲ್ಲಿ ನಮ್ಮವ್ವ ಅದಾಳ್ರಿ."

"ಏನಾದ್ರೂ ದಾಖಲೆ ಇದೆಯೇನಮ್ಮ?"

"ನಾ ಅದೀನಲ್ರಿ," ಅಂದಳು.

ಅವರು ಅದನ್ನು ಬರೆದುಕೊಳ್ಳಲಿಲ್ಲ. ಅಂಥದ್ದಕ್ಕೆ ಮುದ್ರೆ ಒತ್ತುವ ಜಾಗ ಯಾವುದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಕಾಕಾ ಬಹಳ ಉದಾರವಾಗಿ ಅಂದರು: "ಅಕಿ ಹೋಗಿ ಬರೇ ಮೂರು ವರ್ಷ, ಈಗಿಂದೀಗ ಸರಿಸಿದ್ರಾಯ್ತು ಬಿಡವಾ. ನಮ್ಮದು ಹಳೇದು, ಅಲುಗಾಡಿಸಾಕ ಬರಂಗಿಲ್ಲ."

"ಯಪ್ಪಾ," ಅಂದಳು ಆಕೆ, ಕಾಕಾನ ಮುಖ ನೋಡುತ್ತ, "ನಿಮ್ಮ ಮುತ್ಯಾ ಗಂಗಾಳ ಒದ್ದದ್ದು ನಮ್ಮವ್ವ ಕಣ್ಣಿಲೇ ಕಂಡಾಳ. ಆರುನೂರು ವರ್ಷ ಬದುಕಿದ್ದಳೇನು ನಮ್ಮವ್ವ?"

ಎಂಜಿನಿಯರರಿಗೆ ನಮ್ಮ ಕಡೆಯ ಮಾತು ಪೂರ್ತಿ ತಿಳಿಯುತ್ತಿರಲಿಲ್ಲ. ನಕ್ಕರು. ಕಾಕಾನೂ ನಕ್ಕರು. ನಾನು ಅರ್ಥ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜೀಪು ಸುರು ಆಯಿತು.

ಮಣ್ಣು ತೋಡುವ ಯಂತ್ರ ಬಂದದ್ದು ಯುಗಾದಿಯ ಮುಂಚೆ. ಆ ಬೆಳಿಗ್ಗೆ ನಾನು ಗುಡ್ಡೆಯ ಹತ್ತಿರವೇ ಇದ್ದೆ. ಆಕೆ ನಸುಕಿನಲ್ಲೇ ಬಂದು ಒಂದೊಂದೇ ಕಲ್ಲೆತ್ತಿ ಬದಿಗಿಟ್ಟಿದ್ದಳು. ಅಗೆಯಲು ಸಲಿಕೆಯನ್ನೂ ತಂದಿದ್ದಳು, ಆದರೆ ಯಂತ್ರ ಕಾಯಲಿಲ್ಲ. ಮೊದಲ ಬಾಯಿಯ ಮಣ್ಣು ಮೇಲೆ ಬಂದಾಗ ಅದರಲ್ಲಿ ಹಸಿರು ಬಳೆಯ ಚೂರು ಕಂಡಿತು. ಬಳೆಯ ಚೂರೇ, ಬೇರೆ ಗಾಜಲ್ಲ. ನಾನು ಬಗ್ಗಿ ನೋಡಿದೆ. ಚಾಲಕನಿಗೂ ಕಂಡಿರಬೇಕು, ಯಾರೂ ಹೇಳದೆ ಯಂತ್ರ ನಿಲ್ಲಿಸಿ ಕೆಳಗಿಳಿದು ಬೆನ್ನು ತಿರುಗಿಸಿ ನಿಂತ. ಆಕೆ ಗುಂಡಿಗೆ ಇಳಿದಳು. ಸಿಕ್ಕದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ಕೈ ಕೊಟ್ಟೆ, ಹಿಡಿಯದೆ ತಾನೇ ಹತ್ತಿ ಬಂದಳು.

ಕಾಲುವೆ ಈಗಲೂ ಅಲ್ಲಿ ಒಂದು ಕಡೆ ಬಾಗುತ್ತದೆ. ನೇರವಾಗಿ ಬಂದದ್ದು ಏಕೆ ಬಾಗಿತೆಂದು ಹೊಸಬರು ಕೇಳುತ್ತಾರೆ. ಆರುನೂರು ವರ್ಷದ ಸಮಾಧಿ ಇದೆ ಅಂತ ನಮ್ಮ ಮನೆಯ ಹುಡುಗರು ಹೇಳುತ್ತಾರೆ, ಕಾಕಾ ಕೆತ್ತಿಸಿದ ಕಲ್ಲನ್ನೂ ತೋರಿಸುತ್ತಾರೆ. ಅದರಲ್ಲಿ ಆರುನೂರರ ಸೊನ್ನೆಗಳು ಬಹಳ ಅಂದವಾಗಿವೆ.

ಕಾಕಾ ತೀರಿಹೋದರು. ಆಯಿ ಅವರಿಗಿಂತ ಮೊದಲೇ ಹೋದಳು. ಉರ್ದು ಮಾಸ್ತರರೂ ಇಲ್ಲ. ಎಂಜಿನಿಯರರು ವರ್ಗವಾಗಿ ಹೋದವರು, ಇದ್ದಾರೋ ಇಲ್ಲವೋ ತಿಳಿಯದು. ಚಾಲಕ ಯಾವ ಊರವನೆಂದು ನಾನು ಕೇಳಲೇ ಇಲ್ಲ. ಆ ಗುಂಡಿಯಿಂದ ಬಂದದ್ದೇನೆಂದು ಕಂಡವರಲ್ಲಿ, ಬದುಕಿರುವುದಾಗಿ ನನಗೆ ಗೊತ್ತಿರುವವರು ಇಬ್ಬರೇ: ಸುರಪುರದಲ್ಲಿ ಪಿಂಚಣಿ ಉಣ್ಣುತ್ತಿರುವ ನಾನು, ಮತ್ತು ನಮ್ಮೂರಿನ ಹೊಸ ಓಣಿಯ ಕೊನೆಯ ಮನೆಯಲ್ಲಿ ಮಗನ ಜೊತೆಗಿರುವ ಆಕೆ.